ಎಡಗೈ ರೈಫಲ್, ಎರಡು ಬಲಗೈಗಳು

ಶುಕ್ರವಾರ, ಮರಳುಗಾಡು

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ, ಶೂಟಿಂಗ್ ರೇಂಜಿನಲ್ಲಿ, ಥಾಪಾನ ಸೊಂಟದಲ್ಲಿದ್ದ ವಾಕಿಟಾಕಿ ಗರಗರ ಎಂದಿತು. ಕೆಡಲು ಶುರುವಾದದ್ದು ಅಲ್ಲಿಂದ. ಮೂರೂಮುಕ್ಕಾಲಿಗೆ ಅಕ್ಕನಿಗೆ ಫೋನ್ ಮಾಡುತ್ತೇನೆ ಎಂದಿದ್ದೆ, ಹಾಗಾಗಿ ಗಡಿಯಾರ ನೋಡುತ್ತಲೇ ಇದ್ದೆ. ಆ ಫೋನ್ ಮಾಡಲಿಕ್ಕೆ ಆಗಲಿಲ್ಲ.

ನಾನು ಕಾರ್ಕಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬಹರೈನಿನಲ್ಲಿ ನರ್ಸ್ ಆಗಿರುವ ಅಕ್ಕ ಲವೀನಾಳ ಮನೆಗೆ ಎರಡು ವಾರಕ್ಕೆಂದು ಹೋಗಿದ್ದೆ. ಭಾವ ವಿಲ್ಫ್ರೆಡ್ ಅಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ವರ್ಕ್‌ಶಾಪಿನ ಮ್ಯಾನೇಜರ್. ಅದರ ಮಾಲಕರು ಅರವತ್ತು ದಾಟಿದ ಬಹರೈನಿ. ಅಲ್ಲಿನ ರೂಢಿಯಂತೆ ಹಿರಿಮಗನ ಹೆಸರು ಹಿಡಿದು ಎಲ್ಲರೂ ಅವರನ್ನು ಅಬು ಖಾಲಿದ್, ಖಾಲಿದನ ಅಪ್ಪ, ಎಂದೇ ಕರೆಯುತ್ತಾರೆ. ಭಾವನಿಗೆ ಮಾತ್ರ ಅವರು ಅರ್ಬಾಬ್, ಅಂದರೆ ಧಣಿ.

ಅಬು ಖಾಲಿದ್ ಎಡಗೈಯವರು. ನಾನೂ ಹಾಗೆಯೇ. ಭಾವ ಯಾವಾಗಲೋ ತಮಾಷೆಗೆ ಈ ವಿಷಯ ಹೇಳಿದ್ದೇ ನೆಪವಾಗಿ ಅವರು ನನ್ನನ್ನು ಕರೆಸಿಕೊಂಡರು. ಬರುವ ಋತುವಿನಲ್ಲಿ ಮಧ್ಯ ಏಷ್ಯಾದ ಬೆಟ್ಟಗಳಲ್ಲಿ, ಪರವಾನಗಿ ಪಡೆದು, ಕಾಡುಮೇಕೆಯ ಬೇಟೆಗೆ ಹೋಗುವ ಆಸೆ ಅವರದು. ಎದೆಯಲ್ಲಿ ಸ್ಟೆಂಟ್ ಇರುವ ಮನುಷ್ಯ. ಏರುವಾಗ ಹೆಗಲ ಮೇಲಿನ ಪ್ರತಿ ಗ್ರಾಮೂ ಭಾರ, ಆದ್ದರಿಂದ ರೈಫಲ್ ಹಗುರವಿರಬೇಕು. ಆ ಮೇಕೆ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಆದ್ದರಿಂದ ಗುಂಡು ದೂರ ಹೋಗಬೇಕು. ಮೂರನೆಯದಾಗಿ ಅದು ಎಡಗೈಯದೇ ಆಗಿರಬೇಕು. ನಲವತ್ತು ವರ್ಷ ಅವರು ಬಲಗೈಯವರ ರೈಫಲ್ಲನ್ನೇ, ಮೇಲಿನಿಂದ ಎಡಗೈ ದಾಟಿಸಿ, ಬಳಸಿದವರು. ವ್ಯಾಪಾರಿ ತರಿಸಿಕೊಟ್ಟ ಮೂರು ರೈಫಲ್‌ಗಳನ್ನು ಅಂದು ದಕ್ಷಿಣದ ಮರಳುಗಾಡಿನ ಖಾಸಗಿ ಶೂಟಿಂಗ್ ರೇಂಜಿನಲ್ಲಿ ಹಾರಿಸಿ ನೋಡಿ, ಒಂದನ್ನು ಆರಿಸಬೇಕಿತ್ತು.

ಅಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮ್ಮ ಕ್ರೈಸ್ತರಿಗೆ ಭಾನುವಾರದ ಪೂಜೆಯೂ ಅಂದೇ. ಬೆಳಿಗ್ಗೆ ಇಗರ್ಜಿ ಮುಗಿಸಿ, ಕೋಳಿ ಸುಕ್ಕ ಉಂಡು ಹೊರಟೆವು. ಊರು ಮುಗಿದ ಮೇಲೆ ಪೈಪುಗಳು, ತಲೆಯಾಡಿಸುವ ತೈಲದ ಪಂಪುಗಳು, ಚಳಿಗಾಲದ ಬಿಡಾರಗಳ ಬಿಳಿ ಗುಡಾರಗಳು. ಅಲ್ಲಿನ ಜನ ಗುಡಾರದಲ್ಲಿ ಸೋಫಾ ಹಾಕಿ, ಟಿವಿ ಹಚ್ಚಿ, ಮನೆಯಿಂದ ಅರ್ಧ ಗಂಟೆ ದೂರದಲ್ಲಿ ತಿಂಗಳುಗಟ್ಟಲೆ ಕೂರುತ್ತಾರೆ.

"ಎಂತಕ್ಕೆ ಭಾವ, ಮನೆಯಲ್ಲಿ ಏಸಿ ಇಲ್ವಾ ಇವರಿಗೆ?"

"ಏಸಿ ಉಂಟು ಮಾರಾಯ್ತಿ, ಆಕಾಶ ಇಲ್ಲ."

ಥಾಪಾ ರೇಂಜಿನ ಉಸ್ತುವಾರಿ. ನೇಪಾಳದವನು, ಸೈನ್ಯದಲ್ಲಿದ್ದು ಬಂದವನು, ನಲವತ್ತರ ಆಸುಪಾಸು. ಮೂರೂ ರೈಫಲ್‌ಗಳನ್ನು ಬಾಣಂತಿ ಮಗುವನ್ನು ಮಲಗಿಸುವ ಹಾಗೆ ಒಂದೊಂದಾಗಿ ಬೆಂಚಿನ ಮೇಲಿಟ್ಟ. ಬೋಲ್ಟ್ ಎಂದರೇನೆಂದು ನನಗೆ ಅವನೇ ಹೇಳಿಕೊಟ್ಟದ್ದು. ಅದು ಬಾಗಿಲಿನ ಚಿಲಕದಂಥ ಉಕ್ಕಿನ ಸಲಾಕೆ. ಹಿಂದಕ್ಕೆಳೆದರೆ ಖಾಲಿ ತೋಟೆ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ರೈಫಲ್ಲಿನ ಹೊಟ್ಟೆಯಲ್ಲಿರುವ ಹೊಸ ತೋಟೆ ನಳಿಗೆಗೆ ಏರುತ್ತದೆ.

ಆ ಚಿಲಕ ಎಡಗಡೆಗಿತ್ತು.

ಇದನ್ನು ಬಲಗೈಯವರಿಗೆ ಹೇಗೆ ವಿವರಿಸುವುದೋ ತಿಳಿಯದು. ಕತ್ತರಿ, ಕುರ್ಚಿಯ ಬರೆಯುವ ಹಲಗೆ, ಹೊಲಿಗೆ ಯಂತ್ರದ ಚಕ್ರ, ತೆಂಗಿನಕಾಯಿ ತುರಿಯುವ ಮಣೆಯ ಮೇಲೆ ಕೂರುವ ಭಂಗಿ, ಎಲ್ಲವೂ ನನಗೆ ನಲವತ್ತೊಂದು ವರ್ಷ "ನೀನು ತಪ್ಪು" ಎಂದೇ ಹೇಳಿವೆ. ಎಲ್ಲೋ ಒಂದು ಕಾರ್ಖಾನೆಯಲ್ಲಿ, ನನ್ನಂಥವರ ಕೈ ಹೀಗೆ ಬರುತ್ತದೆ, ಬೆರಳು ಇಲ್ಲಿ ಕೂರುತ್ತದೆ ಎಂದು ಯೋಚಿಸಿ, ಉಕ್ಕನ್ನು ಕೂದಲೆಳೆಯಷ್ಟು ಲೆಕ್ಕ ಹಾಕಿ ಕೊರೆದಿದ್ದಾರೆ. ಕೊಲ್ಲುವ ಸಾಧನ ಎಂಬುದು ಮರೆತೇಹೋಯಿತು. ಅಬು ಖಾಲಿದ್ ಚಿಲಕವನ್ನು ಒಮ್ಮೆ ಎಳೆದು, ತಳ್ಳಿ, ನನ್ನ ಕಡೆ ತಿರುಗಿ ತಮ್ಮ ಗಲ್ಫ್ ಹಿಂದಿಯಲ್ಲಿ, "ನೋಡಿದೆಯಾ ಮಗಳೇ, ಇಷ್ಟು ವರ್ಷ ನಾನು ಬೇರೆಯವರ ಚಪ್ಪಲಿ ಹಾಕಿಕೊಂಡು ನಡೆದಿದ್ದೇನೆ" ಎಂದರು.

ಮೊದಲನೆಯದು ಎರಡೂವರೆ ಕಿಲೋಗಿಂತ ಕಡಿಮೆ. ನಳಿಗೆಗೆ ಕಾರ್ಬನ್ ನಾರಿನ ಹೊದಿಕೆ. ಹಗುರವಾದಷ್ಟೂ ಹೆಗಲಿಗೆ ಬೀಳುವ ಪೆಟ್ಟು ಜಾಸ್ತಿ, ಭಾರವಾದಷ್ಟೂ ಗುರಿ ನಿಶ್ಚಲ ಎಂದು ಥಾಪಾ ಮೊದಲೇ ಎಚ್ಚರಿಸಿದ್ದ. ಐನೂರು ಮೀಟರ್ ದೂರದಲ್ಲಿ ಉಕ್ಕಿನ ತಟ್ಟೆ ತೂಗುತ್ತಿತ್ತು. ಬರಿಗಣ್ಣಿಗೆ ಅಕ್ಕಿಕಾಳು. ಅಬು ಖಾಲಿದ್ ಹಾರಿಸಿದರು. ದುರ್ಬೀನಿನಲ್ಲಿ ತಟ್ಟೆ ನಡುಗಿದ್ದು ಮೊದಲು ಕಂಡಿತು. ಆಮೇಲೆ ಒಂದು ಮೌನ. ಅದಾದ ಮೇಲೆ 'ಟಿಣ್' ಎಂಬ ಸದ್ದು ತಣ್ಣಗೆ ತೇಲಿ ಬಂತು. ಐನೂರನ್ನು ಸದ್ದಿನ ವೇಗ ಮುನ್ನೂರ ನಲವತ್ತರಿಂದ ಭಾಗಿಸಿ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ಒಂದೂವರೆ ಸೆಕೆಂಡು ಇಷ್ಟು ಉದ್ದ ಎಂದು ತಿಳಿದಿರಲಿಲ್ಲ.

ನಾಲ್ಕು ತೋಟೆ ತುಂಬಿದ್ದರು. ಮೂರು ಹಾರಿಸಿ, ಹೆಗಲು ಉಜ್ಜಿಕೊಳ್ಳುತ್ತ ಎದ್ದರು. ಫೋನ್ ಬಂತು, ಕಿವಿಗೆ ಹಿಡಿದರು. ಥಾಪಾ ಚಿಲಕ ಹಿಂದಕ್ಕೆಳೆದು, ಒಳಗಿನ ತೋಟೆ ತೆಗೆಯಲು ಬಗ್ಗಿದ. ಆಗಲೇ ಆ ವಾಕಿಟಾಕಿ ಗರಗರ ಎಂದದ್ದು. ಅತ್ತ ಕೊನೆಯ ಅಂಕಣದಲ್ಲಿ ಯಾರದೋ ಬಂದೂಕಿನಲ್ಲಿ ತೋಟೆ ಸಿಕ್ಕಿಕೊಂಡಿದೆ, ತಕ್ಷಣ ಬಾ.

"ಸರ್, ಒಳಗೆ ಒಂದು ಉಂಟು. ಬೋಲ್ಟ್ ತೆರೆದೇ ಇರಲಿ. ನಾನು ಬರುವವರೆಗೆ ಮುಟ್ಟಬೇಡಿ," ಎಂದು ಹಿಂದಿಯಲ್ಲಿ ಹೇಳಿ ಓಡಿದ.

ಅಬು ಖಾಲಿದ್ ತಲೆಯಾಡಿಸಿದರು. ಅವರು ತಲೆಯಾಡಿಸಿದ್ದು ಫೋನಿನ ಮಾತಿಗೆ. ನಾನು ಮಾತ್ರ ಥಾಪಾ ಹೇಳಿದ್ದನ್ನು ಸ್ಪಷ್ಟವಾಗಿ ಕೇಳಿದೆ.

ಫೋನ್ ಮುಗಿಸಿ ಅವರು ನನ್ನತ್ತ ನಕ್ಕರು. "ಬಾ, ನೀನೂ ಹಿಡಿದು ನೋಡು. ನಿನ್ನ ಕೈಗೂ ಆಗುತ್ತದೆ." ರೈಫಲ್ ಎತ್ತಿದರು. ಚಿಲಕ ಎಷ್ಟು ನುಣುಪು ಎಂದು ತೋರಿಸಲು ಎಡಗೈಯಿಂದ ಮುಂದಕ್ಕೆ ತಳ್ಳಿ ಮುಚ್ಚಿದರು. ಆಮೇಲೆ ಅದನ್ನು ನನಗೆ ಕೊಡಲು ಬಲಗೈಗೆ ಬದಲಿಸಿಕೊಂಡರು.

ಎಡಗೈಯಲ್ಲಿ ಏನನ್ನೂ ಕೊಡಬಾರದು ಎಂದು ಅವರಿಗೆ ಅವರ ಅಮ್ಮ ಕಲಿಸಿದ್ದು. ಎಡಗೈಯಲ್ಲಿ ಏನನ್ನೂ ತೆಗೆದುಕೊಳ್ಳಬಾರದು ಎಂದು ನನಗೆ ನನ್ನ ಅಜ್ಜಿ ಹೊಡೆದು ಕಲಿಸಿದ್ದು. ಅವರ ಬಲಗೈ ನೀಡಿತು, ನನ್ನ ಬಲಗೈ ಚಾಚಿತು. ಎಡಗೈಗೆಂದೇ ಮಾಡಿದ ರೈಫಲ್ಲು ಎರಡು ಅಭ್ಯಾಸವಿಲ್ಲದ ಬಲಗೈಗಳ ನಡುವೆ ಒಮ್ಮೆ ಹೊರಳಿತು. ಅದರ ಮೂತಿ ಎಡಕ್ಕೆ ತಿರುಗಿತು. ಎಡಕ್ಕೆ ಎರಡು ಮಾರು ದೂರದಲ್ಲಿ ಭಾವ ನಮಗೆ ಬೆನ್ನು ಹಾಕಿ ಕಾಫಿ ಬಗ್ಗಿಸುತ್ತಿದ್ದರು.

ಗುಂಡು ಹಾರಿತು.

ಭಾವನ ಪಕ್ಕದ ಮರದ ಕಂಬದಲ್ಲಿ ಕಿರುಬೆರಳು ಹೋಗುವಷ್ಟು ತೂತು. ಕಂಬದ ಆಚೆ ಬದಿಯಲ್ಲಿ ಮುಷ್ಟಿ ಹೋಗುವಷ್ಟು. ಭಾವನ ಕಿವಿಗೂ ಆ ತೂತಿಗೂ ನಡುವೆ ನನ್ನ ಒಂದು ಗೇಣು. ಅವರು ಕಾಫಿಯ ಕಪ್ಪನ್ನು ಕೆಳಗಿಟ್ಟು, ನಿಧಾನಕ್ಕೆ ತಿರುಗಿ, "ಎಂತ ಆಯ್ತು?" ಎಂದರು. ಅವರ ಅಂಗಿಯ ತುಂಬ ಮರದ ಸಿಬಿರು.

ಗುಂಡು ಸದ್ದಿಗಿಂತ ವೇಗವಾಗಿ ಹೋಗುತ್ತದೆ. ಅಂದರೆ ಭಾವ ಆ ಸದ್ದನ್ನು ಕೇಳುವಷ್ಟರಲ್ಲಿ ಅವರು ಉಳಿದಾಗಿತ್ತು. ಈ ಲೆಕ್ಕವನ್ನು ನಾನು ಆ ಕ್ಷಣವೇ ಮಾಡಿದೆ. ಈಗಲೂ ಮಾಡುತ್ತಿರುತ್ತೇನೆ.

ಶನಿವಾರ, ಸಲ್ಮಾಬಾದ್

ರೇಂಜಿನವರು ಥಾಪಾನನ್ನು ಅಂದೇ ಕೆಲಸದಿಂದ ನಿಲ್ಲಿಸಿದರು. ತುಂಬಿದ ರೈಫಲ್ ಬಿಟ್ಟು ಹೋದ ಎಂಬ ಆರೋಪ. ಅಲ್ಲಿದ್ದವರೆಲ್ಲ ಕಂಡದ್ದನ್ನು ಬರೆದು ಸೋಮವಾರದೊಳಗೆ ಅವರ ವಕೀಲರ ಕಚೇರಿಗೆ ಕೊಡಬೇಕು, ಬುಧವಾರ ತೀರ್ಮಾನ. ಥಾಪಾ ಎಚ್ಚರಿಸಿ ಹೋದದ್ದು ಹೌದೋ ಅಲ್ಲವೋ ಎಂಬುದೇ ಪ್ರಶ್ನೆ. ಎಚ್ಚರಿಸಿಲ್ಲವಾದರೆ ವೀಸಾ ರದ್ದು, ಮೊದಲ ವಿಮಾನಕ್ಕೆ ಕಠ್ಮಂಡು.

ಅಕ್ಕ ಡ್ಯೂಟಿಗೆ ಹೋಗಿದ್ದಳು. ಮನೆಯಲ್ಲಿ ಒಬ್ಬಳೇ ಕೂರಲಾರೆ ಎಂದು ನಾನು ಭಾವನ ಜತೆ ಸಲ್ಮಾಬಾದಿನ ವರ್ಕ್‌ಶಾಪಿಗೆ ಹೋದೆ. ಅದು ತಪ್ಪಾಯಿತು. ಅಲ್ಲಿ ಗಾಳಿಯ ಒತ್ತಡದಲ್ಲಿ ಮೊಳೆ ಹೊಡೆಯುವ ಯಂತ್ರಗಳು. ಪ್ರತಿ ಮೊಳೆಗೂ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಭಾವನ ಎಡಕಿವಿ ಇನ್ನೂ ಮುಚ್ಚಿಕೊಂಡೇ ಇತ್ತು. ಅವರು ನನ್ನನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ಬಾಗಿಲು ಹಾಕಿ, ಬಲಕಿವಿ ನನ್ನ ಕಡೆ ಮಾಡಿ ಕೂತರು.

"ಜೂಲಿ, ನೀನು ಒಂದೇ ಒಂದು ಸಾಲು ಬರೆ ಆಯ್ತಾ. ಥಾಪಾ ಏನೂ ಹೇಳದೆ ಹೋದ ಅಂತ."

"ಹೇಳಿದ್ದಾನಲ್ಲ ಭಾವ. ನಾನು ಕೇಳಿದ್ದೇನೆ."

"ನನಗೆ ಕೇಳ್ಲಿಲ್ಲ. ಅರ್ಬಾಬನಿಗೂ ಕೇಳ್ಲಿಲ್ಲ. ನಿನಗೊಬ್ಬಳಿಗೆ ಕೇಳಿದ್ದು. ಎಚ್ಚರಿಸಿದ ಅಂತ ನೀನು ಬರೆದ್ರೆ, ಕೇಳದೆ ಮುಟ್ಟಿದ್ದು ಯಾರು ಅಂತ ಆಗ್ತದೆ? ನನ್ನ ಧಣಿ. ಅವರ ಲೈಸೆನ್ಸ್ ಹೋಗ್ತದೆ, ಬೇಟೆ ಹೋಗ್ತದೆ. ನನಗೆ ಐವತ್ತೆರಡು ವರ್ಷ ಮಾರಾಯ್ತಿ. ಈ ಪ್ರಾಯದಲ್ಲಿ ನನ್ನನ್ನು ಯಾರು ತೆಗೊಳ್ತಾರೆ?"

"ನಿಮ್ಮ ತಲೆ ಹೋಗ್ತಿತ್ತು ಭಾವ."

"ಹೋಗ್ಲಿಲ್ಲ ಅಲ್ವಾ? ಉಳಿದ ತಲೆಗೆ ಕೆಲಸ ಬೇಕಲ್ಲ."

ನಗಲಿಕ್ಕೆಂದೇ ಹೇಳಿದ ಮಾತು. ಇಬ್ಬರಿಗೂ ನಗು ಬರಲಿಲ್ಲ.

ಮಧ್ಯಾಹ್ನ ಥಾಪಾ ತಾನೇ ಬಂದ. ಅವನ ಕೋಣೆ ಅದೇ ಸಲ್ಮಾಬಾದಿನ ಕಾರ್ಮಿಕರ ವಸತಿಯಲ್ಲಿ, ಎರಡು ಗಲ್ಲಿ ಆಚೆ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಗೋಗರೆಯಲು ಬಂದಿದ್ದಾನೆ ಅಂದುಕೊಂಡೆ.

"ಮೇಡಂ, ನಿಮ್ಮ ನಿದ್ದೆ ಹೇಗಿದೆ?" ಎಂದು ಕೇಳಿದ.

ನಿದ್ದೆಯೇ ಇಲ್ಲ ಎಂದೆ.

"ನನಗೂ ಮೊದಲ ಸಲ ಹೀಗೇ ಆಗಿತ್ತು. ಹೋಗುತ್ತದೆ." ಕುರ್ಚಿ ಎಳೆದು ಕೂತ. "ಕೇಳಿದ್ದನ್ನು ಬರೆಯಿರಿ. ನನ್ನ ಪರವಾಗಿ ಒಂದು ಅಕ್ಷರ ಜಾಸ್ತಿ ಬೇಡ. ಆ ತೋಟೆ ತೆಗೆದೇ ಹೋಗಬೇಕಿತ್ತು. ಎರಡು ಸೆಕೆಂಡಿನ ಕೆಲಸ. ಅದನ್ನು ನಾನೇ ಬರೆದುಕೊಟ್ಟಿದ್ದೇನೆ."

ಭಾವ ಅವನಿಗೆ ಚಹಾ ತರಿಸಿದರು. ಆತ ಕುಡಿಯುವಷ್ಟು ಹೊತ್ತೂ ಭಾವ ಕಂಪ್ಯೂಟರಿನಲ್ಲಿ ಏನನ್ನೋ ಹುಡುಕುತ್ತ ಕೂತಿದ್ದರು.

ಭಾನುವಾರ, ಸೀಫ್

ಅಕ್ಕನಿಗೆ ರಜೆ ಇತ್ತು. ಮನಸ್ಸು ಹಗುರಾಗಲಿ ಎಂದು ಸೀಫಿನ ಮಾಲಿಗೆ ಕರೆದೊಯ್ದಳು. ಮೂರು ಮಾಳಿಗೆ ಎತ್ತರದ ಗಾಜಿನ ಚಾವಣಿ, ನಡುವೆ ನೀರು, ಅತ್ತರಿನ ಹೊಗೆ. ಯಾವುದೋ ಮಗುವಿನ ಬಲೂನು ಒಡೆಯಿತು.

ಎಚ್ಚರವಾದಾಗ ನಾನು ಒಂದು ಕುಂಡದ ಹಿಂದೆ ತಲೆ ಮುಚ್ಚಿಕೊಂಡು ನೆಲದಲ್ಲಿ ಕೂತಿದ್ದೆ. ಊರಲ್ಲಾದರೆ ಅಷ್ಟು ಹೊತ್ತಿಗೆ ಹತ್ತು ಜನ ಸೇರಿ, ಯಾರ ಮನೆಯವಳು, ಬಿಪಿಯಾ, ಕಬ್ಬಿಣ ಹಿಡಿಸಿ ಎಂದೆಲ್ಲ ಶುರುವಾಗಿರುತ್ತಿತ್ತು. ಇಲ್ಲಿ ಯಾರೂ ಗುಂಪು ಕಟ್ಟಲಿಲ್ಲ. ಕಪ್ಪು ಅಬಾಯಾ ತೊಟ್ಟ ಒಬ್ಬ ವಯಸ್ಸಾದ ಹೆಂಗಸು ಬಂದರು. ಏನೂ ಕೇಳದೆ ನನ್ನ ಪಕ್ಕ ಅದೇ ನೆಲದ ಮೇಲೆ ಕೂತರು. ನಾನು ಏಳುವವರೆಗೆ ಕೂತೇ ಇದ್ದರು. ಆಮೇಲೆ ನನ್ನ ಕೆನ್ನೆ ಮುಟ್ಟಿ, "ಹಮ್ದುಲಿಲ್ಲಾ", ದೇವರಿಗೆ ಸ್ತೋತ್ರ, ಎಂದು, ತಮ್ಮ ಚೀಲಗಳನ್ನು ಎತ್ತಿಕೊಂಡು ಹೊರಟುಹೋದರು. ಆ ಹೆಂಗಸಿನ ಹೆಸರು ಗೊತ್ತಿಲ್ಲ. ನಾನು ಕಂಡ ಬಹರೈನಿನಲ್ಲಿ ಅವರಷ್ಟು ಎತ್ತರದ ಕಟ್ಟಡ ಇರಲಿಲ್ಲ.

ಕಾರಿನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಭಾವ ಕೇಳಿದ್ದನ್ನೂ ಹೇಳಿದೆ. ಅವಳು ಸಿಗ್ನಲ್ ಹಸಿರಾದರೂ ಗಾಡಿ ಬಿಡಲಿಲ್ಲ. ಹಿಂದಿನವರು ಹಾರ್ನ್ ಹಾಕಿದರು.

"ವಿಲ್ಲಿ ಹಾಗೆ ಹೇಳಿದ್ರಾ?"

"ಹೆದರಿದ್ದಾರೆ ಅಕ್ಕ."

"ಹೆದರಿಕೆ ನನಗೂ ಉಂಟು, ಮಕ್ಕಳ ಶಾಲೆ ಉಂಟು," ಎಂದಳು. ಆಮೇಲೆ ಗಾಡಿ ಬಿಟ್ಟಳು. "ನಾನು ಎಂತದೂ ಹೇಳೂದಿಲ್ಲ ಜೂಲಿ. ಹಾಗೆ ಬರೆ ಅಂತಲೂ ಹೇಳೂದಿಲ್ಲ, ಹೀಗೆ ಬರೆ ಅಂತಲೂ ಹೇಳೂದಿಲ್ಲ. ಆದ್ರೆ ನೀನು ಬರೆದದ್ದನ್ನು ನನಗೆ ತೋರಿಸ್ಬೇಡ."

ನನ್ನ ನಿಜವಾದ ಕಷ್ಟ ಬೇರೆಯೇ ಇತ್ತು. ಅದನ್ನು ಅಕ್ಕನಿಗೂ ಹೇಳಿರಲಿಲ್ಲ. ನಮ್ಮ ಅಪ್ಪನಿಗೆ ಹಂದಿ ಓಡಿಸಲು ಒಂದು ಕೋವಿ ಇತ್ತು. ಪ್ರತಿ ಚುನಾವಣೆಗೂ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ, ಮತ ಎಣಿಸಿದ ಮೇಲೆ ತರುತ್ತಿದ್ದರು. ಅಪ್ಪ ಆ ಕೋವಿಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಬೇಕಾದವರು ಗೋಡೆಯಿಂದ ತೆಗೆದುಕೊಳ್ಳಬೇಕು. ಕೈಯಿಂದ ಕೈಗೆ ಕೋವಿ ಹೋಗಬಾರದು ಎಂದು ಏಳನೆಯ ವಯಸ್ಸಿನಿಂದ ನೋಡಿ ಬೆಳೆದವಳು ನಾನು. ಒಳಗೆ ತೋಟೆ ಇದೆ ಎಂದೂ ಕೇಳಿದ್ದೆ. ಆದರೂ ಕೈ ಚಾಚಿದೆ. ಹಿರಿಯರು ಪ್ರೀತಿಯಿಂದ ಕೊಡುವಾಗ ಬೇಡ ಎನ್ನುವುದು ಹೇಗೆ ಎಂಬ ಸಂಕೋಚ. ಆ ಸಂಕೋಚಕ್ಕೆ ಅಕ್ಕನ ಗಂಡನನ್ನೇ ಬಲಿ ಕೊಡುತ್ತಿದ್ದೆ.

ಸೋಮವಾರ, ಡಿಪ್ಲೊಮ್ಯಾಟಿಕ್ ಏರಿಯಾ

ವಕೀಲರ ಕಚೇರಿ ಹದಿನೇಳನೆಯ ಮಾಳಿಗೆಯಲ್ಲಿ. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು, ನಮ್ಮ ಮಲ್ಪೆಯ ಸಮುದ್ರದಂತೆ ಗದ್ದಲ ಮಾಡದೆ, ಬಟ್ಟೆ ಹಾಸಿದಂತೆ. ಭಾವನೇ ಕರೆದುಕೊಂಡು ಹೋಗಿದ್ದರು. ಅವರು ತಮ್ಮ ಹೇಳಿಕೆ ಕೊಟ್ಟಾಗಿತ್ತು. ಏನನ್ನೂ ಕೇಳಲಿಲ್ಲ, ಏನನ್ನೂ ಕಾಣಲಿಲ್ಲ ಎಂದು. ಅದರಲ್ಲಿ ಸುಳ್ಳೂ ಇರಲಿಲ್ಲ.

ನನಗೊಂದು ಕೋಣೆ, ಬಿಳಿ ಹಾಳೆ, ಪೆನ್ನು ಕೊಟ್ಟರು. ಇಂಗ್ಲಿಷಿನಲ್ಲಿ ಬರೆದೆ, ಎಡಗೈಯಲ್ಲಿ. ಥಾಪಾ ಹೇಳಿದ ಮಾತನ್ನು ಅವನು ಹೇಳಿದ ಹಾಗೆಯೇ ಬರೆದೆ. ಅಬು ಖಾಲಿದ್ ಫೋನಿನಲ್ಲಿದ್ದರು, ಅವರಿಗೆ ಕೇಳಿಸಿರಲಿಕ್ಕಿಲ್ಲ, ನನಗೆ ಕೇಳಿಸಿತ್ತು ಎಂದು ಬರೆದೆ. ಕೇಳಿಸಿಯೂ ನಾನು ಹೇಳಲಿಲ್ಲ, ಕೈ ಚಾಚಿದೆ ಎಂದು ಬರೆದೆ. ಕುದುರೆ, ಅಂದರೆ ಟ್ರಿಗರ್, ಒತ್ತಿದ್ದು ಯಾರ ಬೆರಳು ಎಂಬಲ್ಲಿ ಪೆನ್ನು ನಿಂತಿತು. ಅದನ್ನು ನಾನು ಸಾವಿರ ಸಲ ನೋಡಿದ್ದೇನೆ. ಕೆಲವು ಸಲ ಅದು ಅವರ ತೋರುಬೆರಳು, ಕೆಲವು ಸಲ ನನ್ನ ಹೆಬ್ಬೆರಳು. ಕೊನೆಗೆ, ಅಲ್ಲಿ ನಮ್ಮಿಬ್ಬರ ಬಲಗೈಗಳೂ ಇದ್ದವು, ಯಾರದೆಂದು ನನಗೆ ತಿಳಿಯದು ಎಂದು ಬರೆದು ಸಹಿ ಹಾಕಿದೆ.

ಲಿಫ್ಟಿನಲ್ಲಿ ಭಾವ ಕೇಳಿದರು. "ಬರೆದ್ಯಾ?"

"ಬರೆದೆ."

"ಕೇಳಿದ್ದನ್ನಾ?"

"ಕೇಳಿದ್ದನ್ನೇ."

ಹದಿನೇಳು ಮಾಳಿಗೆ ಇಳಿಯುವಷ್ಟು ಹೊತ್ತೂ ಅವರು ಅಂಕಿಗಳನ್ನೇ ನೋಡುತ್ತಿದ್ದರು.

ಬುಧವಾರ, ಅಕ್ಕನ ಮನೆ

ಬುಧವಾರ ಸಂಜೆ ಅಬು ಖಾಲಿದ್ ಬಂದರು. ಧಣಿ ನೌಕರನ ಫ್ಲ್ಯಾಟಿಗೆ ಬರುವುದು ದಿನನಿತ್ಯದ ಸಂಗತಿಯಲ್ಲ. ಭಾವ ಬನಿಯನ್ನಿನಲ್ಲಿದ್ದವರು ಅಂಗಿ ಹುಡುಕಲು ಒಳಗೆ ಓಡಿದರು. ಅಕ್ಕ ಇದ್ದಬದ್ದ ಖರ್ಜೂರವನ್ನೆಲ್ಲ ತಟ್ಟೆಗೆ ಸುರಿದಳು. ಐದು ದಿನದಲ್ಲಿ ಧಣಿಗೆ ಹತ್ತು ವರ್ಷ ಹೆಚ್ಚಾದಂತಿತ್ತು. ಬಿಳಿ ನಿಲುವಂಗಿ ತೋಬಿನ ಕಾಲರು ಕತ್ತಿನಲ್ಲಿ ಸಡಿಲವಾಗಿತ್ತು.

ಭಾವ ನಿಂತೇ ಇದ್ದರು. "ಕೂತುಕೋ ವಿಲ್ಫ್ರೆಡ್. ಕಿವಿ ಹೇಗಿದೆ?"

"ಕೇಳ್ತದೆ ಅರ್ಬಾಬ್."

"ಹಾಗಾದರೆ ಕೇಳು." ಅವರು ನನ್ನ ಕಡೆ ತಿರುಗಿದರು. "ಶುಕ್ರವಾರ ಸಂಜೆಯೇ ನಾನು ಬರೆದುಕೊಟ್ಟಿದ್ದೆ. ರೈಫಲ್ ಎತ್ತಿದ್ದು ನಾನು, ಚಿಲಕ ಮುಚ್ಚಿದ್ದು ನಾನು ಅಂತ. ರೇಂಜಿನವರು ನಂಬಲಿಲ್ಲ. ಮುದುಕ ದೊಡ್ಡ ಮನಸ್ಸು ಮಾಡಿ ನೇಪಾಳಿಯನ್ನು ಉಳಿಸುತ್ತಿದ್ದಾನೆ ಅಂದುಕೊಂಡರು. ಅವನು ಎಚ್ಚರಿಸಿದನಾ ಅಂತ ಕೇಳಿದರು. ಹೌದು ಅನ್ನಲಿಕ್ಕೆ ನನಗೆ ಆಗಲಿಲ್ಲ. ನಾನು ಕೇಳಿರಲೇ ಇಲ್ಲ. ಕೇಳದ್ದನ್ನು ಕೇಳಿದೆ ಅಂತ ಹೇಗೆ ಬರೆಯಲಿ? ಐದು ದಿನ ದಾರಿ ನೋಡಿದೆ, ಯಾರಾದರೂ ಕೇಳಿರಬಹುದು ಅಂತ."

"ಮೊದಲೇ ನಮಗೆ ಹೇಳಬಹುದಿತ್ತಲ್ಲ?" ಎಂದೆ.

"ಹೇಳಿದ್ದರೆ ನೀನು ನನಗೋಸ್ಕರ ಬರೆಯುತ್ತಿದ್ದೆ ಮಗಳೇ."

ಥಾಪಾ ಮುಂದಿನ ವಾರದಿಂದ ಕೆಲಸಕ್ಕೆ ಬರಬಹುದು ಎಂದಾಗಿತ್ತು. ತೋಟೆ ತೆಗೆಯದೆ ಹೋದದ್ದಕ್ಕೆ ಒಂದು ಎಚ್ಚರಿಕೆಯ ಪತ್ರ, ಅಷ್ಟೆ. ಅಬು ಖಾಲಿದ್ ಒಂದು ವರ್ಷ ಆ ರೇಂಜಿಗೆ ಕಾಲಿಡುವಂತಿಲ್ಲ. ಅಭ್ಯಾಸಕ್ಕೆ ಜಾಗವಿಲ್ಲದೆ ಬರುವ ಋತುವಿನ ಬೇಟೆಯೂ ಹೋಯಿತು.

"ಮತ್ತೆ ರೈಫಲ್?" ಅಕ್ಕ ಕೇಳಿಯೇಬಿಟ್ಟಳು.

"ಎರಡನೆಯದನ್ನು ಹೇಳಿದ್ದೇನೆ. ಎಡಗೈಯದೇ. ಸೇಫ್ಟಿ ಹಾಕಿದರೆ ಚಿಲಕಕ್ಕೂ ಬೀಗ ಬೀಳುತ್ತದೆ. ನಾನೂರು ಗ್ರಾಮು ಜಾಸ್ತಿ." ಅವರು ತಮ್ಮ ಹೊಟ್ಟೆ ತಟ್ಟಿಕೊಂಡರು. "ಆ ನಾನೂರು ಗ್ರಾಮನ್ನು ಇಲ್ಲಿಂದ ತೆಗೆಯಲು ಒಂದು ವರ್ಷ ಸಮಯ ಸಿಕ್ಕಿದೆ."

ನಾವು ನಕ್ಕೆವು. ಭಾವ ಒಬ್ಬರು ನಗಲಿಲ್ಲ. ಧಣಿ ಹೋದ ಮೇಲೆ ಅವರು ಕಾರಿನ ಕೀಲಿ ತೆಗೆದುಕೊಂಡು, ಊಟಕ್ಕೆ ಕಾಯಬೇಡಿ ಎಂದು ಹೊರಟರು. ಒಂಬತ್ತರ ಹೊತ್ತಿಗೆ ಬಂದರು. ಸಲ್ಮಾಬಾದಿಗೆ, ಥಾಪಾನ ಕೋಣೆಗೆ ಹೋಗಿದ್ದರಂತೆ. ಎಂಟು ಮಂಚಗಳ ಕೋಣೆ, ಕೂರಲು ಅವನ ಮಂಚವೇ.

"ಎಲ್ಲ ಹೇಳಿದೆ," ಎಂದರು ಭಾವ. "ನಿನ್ನತ್ರ ಎಂತ ಬರೀಲಿಕ್ಕೆ ಹೇಳಿದ್ದೆ ಅಂತ."

"ಅವನು ಏನು ಹೇಳಿದ?"

"ಗೊತ್ತಿತ್ತು ಅಂದ. ಆ ದಿನ ಚಹಾ ಕುಡಿಯುವಾಗಲೇ ಗೊತ್ತಾಯ್ತಂತೆ, ನಾನು ಮುಖ ನೋಡದ್ದು ಕಂಡು." ಭಾವ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟರು. "ಆಮೇಲೆ ದಾಲ್ ಅನ್ನ ಬಡಿಸಿದ. ಉಂಡೆ."

ಅಕ್ಕ ಎದ್ದು ಹೋಗಿ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಶುಕ್ರವಾರದಿಂದ ಅವಳು ಅತ್ತಿರಲಿಲ್ಲ. ಆಗ ಅತ್ತಳು.

ಗುರುವಾರ

ಆ ರಾತ್ರಿ ಮಲಗಿದವಳಿಗೆ ಕಂಬದ ತೂತು ಕಾಣಲಿಲ್ಲ. ಬೆಳಿಗ್ಗೆ ಐದಕ್ಕೆ ಡ್ಯೂಟಿಗೆ ಹೊರಟ ಅಕ್ಕ, ನಾನು ಮಿಸುಕದೆ ಬಿದ್ದಿರುವುದನ್ನು ಕಂಡು ಗಾಬರಿಯಾಗಿ, ನನ್ನ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡಿದಳಂತೆ. ಇಪ್ಪತ್ತು ವರ್ಷ ನರ್ಸ್ ಆಗಿರುವವಳು, ಸಾಲದೆಂದು ನಾಡಿಯನ್ನೂ ಎಣಿಸಿ, ಆಸ್ಪತ್ರೆಯ ಬಸ್ಸು ತಪ್ಪಿಸಿಕೊಂಡಳು. ಏಳಕ್ಕೆ ಅಡುಗೆಮನೆಯಲ್ಲಿ ಭಾವ ಕುಕ್ಕರಿನ ಮುಚ್ಚಳ ಬೀಳಿಸಿದರಂತೆ. ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳುವಷ್ಟು ದೊಡ್ಡ ಸದ್ದು.

ನಾನು ಎದ್ದಾಗ ಎಂಟೂವರೆ. ನನಗೆ ಏನೂ ಕೇಳಿಸಿರಲಿಲ್ಲ.